ಆಷಾಢದ ಬಿಡುವು ಮತ್ತು ಶ್ರೀಲಂಕೆಯ ಪೂರ್ವ ಕರಾವಳಿ

ನಮ್ಮ ವರ್ತಕ ಬಾಂಧವರ ಲೆಕ್ಕದ ಪುಸ್ತಕಗಳಲ್ಲಿ ಎಲ್ಲ ಖರ್ಚಿಗೂ ಒಂದೊಂದು ಬಾಬ್ತು ಇರುತ್ತದೆ. ಬಾಡಿಗೆ, ಸಾಗಾಟ, ವಿದ್ಯುತ್ತು, ಬಡ್ಡಿ, ದುರಸ್ತಿ, ದೇವರ ಕಾರ್ಯ, ಯಾವುದನ್ನೂ ಬಿಟ್ಟಿರುವುದಿಲ್ಲ. ಇಲ್ಲದ ಬಾಬ್ತು ಒಂದೇ, ಅದು ಮಾಲೀಕನ ರಜೆ. ಕಾರವಾರ, ಅಂಕೋಲಾ ಪೇಟೆಗಳಲ್ಲಾಗಲಿ, ಬೊಬ್ರುವಾಡದಂಥ ಊರುಗಳಲ್ಲಾಗಲಿ, ಮೂವತ್ತು ವರ್ಷ ವ್ಯಾಪಾರ ಮಾಡಿ, ಮನೆ ಕಟ್ಟಿಸಿ, ಮಕ್ಕಳ ಮದುವೆ ಮಾಡಿ ಮುಗಿಸಿದರೂ ಪತ್ನಿಯೊಡನೆ ಎಂಟು ದಿನ ಊರು ಬಿಟ್ಟು ಹೋಗದವರು ವಿರಳರಲ್ಲ. ತಿರುಪತಿ, ಧರ್ಮಸ್ಥಳಗಳ ಯಾತ್ರೆ ಹಾಗೂ ನೆಂಟರ ಮದುವೆ ಬಿಟ್ಟರೆ ಅವರಿಗೆ ಪ್ರಯಾಣವೆಂದರೆ ಮಾಲು ಖರೀದಿಯೇ ಆಗಿದೆ.

ಹೀಗಾಗಲು ಹಣದ ಕೊರತೆಗಿಂತ ಎರಡು ತಪ್ಪು ಗ್ರಹಿಕೆಗಳೇ ಹೆಚ್ಚು ಕಾರಣವೆಂಬುದು ಈ ಲೇಖಕನ ಅಭಿಪ್ರಾಯ. ರಜೆಯ ಕಾಲವೆಂದರೆ ಡಿಸೆಂಬರ್ ಅಥವಾ ಮೇ ತಿಂಗಳು ಎಂಬುದು ಮೊದಲನೆಯದು. ಆ ಎರಡೂ ಕಾಲಗಳಲ್ಲಿ ನಮ್ಮಲ್ಲಿ ವ್ಯಾಪಾರ ಭರದಲ್ಲಿರುತ್ತದೆ. ತಾನಿಲ್ಲದೆ ಅಂಗಡಿ ನಡೆಯದು ಎಂಬುದು ಎರಡನೆಯದು. ಈ ಎರಡನ್ನೂ ಬದಿಗಿರಿಸಿದರೆ ನಮ್ಮ ವ್ಯಾಪಾರಿಯ ಮೊದಲ ವಿದೇಶ ಪ್ರವಾಸಕ್ಕೆ ಅನುಕೂಲವಾದ ಕಾಲ ಆಷಾಢ ಮಾಸ, ಅನುಕೂಲವಾದ ಸ್ಥಳ ಶ್ರೀಲಂಕೆಯ ಪೂರ್ವಾರ್ಧ ಎಂದು ಸಕಾರಣವಾಗಿ ಹೇಳಬಹುದು.

ಮಳೆಗಾಲದಲ್ಲಿ ಒಣಗಿರುವ ಕರಾವಳಿ

ಆಷಾಢದಲ್ಲಿ ಮದುವೆ, ಮುಂಜಿ, ಗೃಹಪ್ರವೇಶಗಳು ಇರುವುದಿಲ್ಲ. ಜವಳಿ, ಚಿನ್ನ, ಪಾತ್ರೆ, ಪೀಠೋಪಕರಣಗಳ ವ್ಯಾಪಾರ ಸಹಜವಾಗಿಯೇ ತಗ್ಗಿರುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಮಂಜುಗಡ್ಡೆ ಕಾರ್ಖಾನೆಯಿಂದ ಹಿಡಿದು ಬಲೆಯ ಅಂಗಡಿಯ ವರೆಗೆ ಎಲ್ಲವೂ ಮಂದವಾಗಿರುತ್ತದೆ. ಕಟ್ಟಡ ಕೆಲಸವೂ ನಿಧಾನ. ಶ್ರಾವಣ ಬಂದು ಹಬ್ಬಗಳ ಸಾಲು ಆರಂಭವಾದ ಮೇಲೆ ದೀಪಾವಳಿಯ ವರೆಗೆ ಬಿಡುವಿಲ್ಲ. ಹೀಗಿರುವಾಗ ಬಿಡುವಿನ ತಿಂಗಳನ್ನು ಅಂಗಡಿಯಲ್ಲಿ ಮಳೆ ನೋಡುತ್ತ ಕಳೆದು, ಭರದ ತಿಂಗಳಲ್ಲಿ ರಜೆ ಸಿಗಲಿಲ್ಲವೆಂದು ಕೊರಗುವುದು ಸರಿಯಾದ ಲೆಕ್ಕವಲ್ಲ.

ಮಳೆಗಾಲದಲ್ಲಿ ದ್ವೀಪಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆ ಸಹಜ. ನಮ್ಮಲ್ಲಿ ಆ ದಿನಗಳಲ್ಲಿ ಕಡಲು ಕೆರಳಿರುತ್ತದೆ, ಕಾರವಾರದ ಕೂರ್ಮಗಡ, ದೇವಗಡಗಳ ಕಡೆಗೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ. ಶ್ರೀಲಂಕೆಯ ಕೊಲಂಬೊ, ಗಾಲೆ, ಮಿರಿಸ್ಸಾಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ, ಏಕೆಂದರೆ ಅಲ್ಲಿಗೂ ಬರುವುದು ಇದೇ ನೈಋತ್ಯ ಮಾರುತ. ಆದರೆ ಆ ದ್ವೀಪದ ನಡುವೆ ಬೆಟ್ಟಗಳ ಸೀಮೆಯಿದೆ. ಅಲ್ಲಿಯ ಅತಿ ಎತ್ತರದ ಶಿಖರವಾದ ಪಿದುರುತಲಗಲ 2,524 ಮೀಟರ್ ಎತ್ತರವಿದೆ. ಮೋಡಗಳು ಪಶ್ಚಿಮದ ಇಳಿಜಾರಿನಲ್ಲಿ ಮಳೆ ಸುರಿಸಿ, ಪೂರ್ವಕ್ಕೆ ಹೋಗುವಷ್ಟರಲ್ಲಿ ಬರಿದಾಗಿರುತ್ತವೆ. ಅಂಕೋಲೆಯಲ್ಲಿ ಛತ್ರಿ ಮಡಚಲಾಗದ ದಿನ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಯತ್ತ ಸಾಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ ಟ್ರಿಂಕೋಮಲಿಯ ಕಡಲು ಶಾಂತವಾಗಿ, ಆಕಾಶ ತಿಳಿಯಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯ ವರೆಗೆ ಈಶಾನ್ಯ ಮಾರುತದ ಕಾಲದಲ್ಲಿ ಇದು ತಿರುಗುಮುರುಗಾಗುತ್ತದೆ.

ಈ ಸರಳ ಸಂಗತಿ ನಮ್ಮಲ್ಲಿ ಪ್ರಚಾರಕ್ಕೆ ಬಾರದಿರಲು ಒಂದು ಕಾರಣವಿದೆ. 1983ರಿಂದ 2009ರ ಮೇ ವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಪೂರ್ವ ಕರಾವಳಿ ಪ್ರವಾಸಿಗರಿಗೆ ಬಹುಮಟ್ಟಿಗೆ ಮುಚ್ಚಿದಂತೆಯೇ ಇತ್ತು. ಪಶ್ಚಿಮ ಮತ್ತು ದಕ್ಷಿಣ ತೀರಗಳೇ ಪ್ರವಾಸದ ಹಾದಿಯಾದವು. ಹೀಗಾಗಿ ಶ್ರೀಲಂಕೆಯ ಋತುವೆಂದರೆ ಡಿಸೆಂಬರ್ ಎಂಬ ಮಾತು ಬೇರೂರಿತು.

ಸುತ್ತುವ ಹಂಬಲ ಬೇಡ

ಮಾಲ್ದೀವ್ಸ್ ಏಕೆ ಬೇಡ ಎಂದು ಕೆಲವರು ಕೇಳಬಹುದು. ಸಾವಿರಕ್ಕೂ ಹೆಚ್ಚು ಚಿಕ್ಕ ದ್ವೀಪಗಳ ಆ ದೇಶದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ವೇಗದ ದೋಣಿಯೋ ಸಣ್ಣ ವಿಮಾನವೋ ಬೇಕು. ಆ ಖರ್ಚೇ ದೊಡ್ಡದು. ಅಲ್ಲದೆ ಜುಲೈ ತಿಂಗಳು ಅಲ್ಲಿಗೂ ಮಳೆಗಾಲ. ಮೊದಲ ಪ್ರವಾಸಕ್ಕೆ ರಸ್ತೆ, ಊರು, ದೇವಸ್ಥಾನ, ಪೇಟೆಗಳಿರುವ ಶ್ರೀಲಂಕೆಯೇ ಹಿತ.

ಆದರೆ ಚಿಕ್ಕ ದೇಶವೆಂಬ ಭಾವನೆಯಿಂದ ಐದು ದಿನದಲ್ಲಿ ಇಡೀ ದ್ವೀಪವನ್ನು ಸುತ್ತಿ ಬರುವ ಯೋಜನೆಗೆ ಯಾರೂ ಕೈಹಾಕಬಾರದು. ಶ್ರೀಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಅಂದರೆ ನಮ್ಮ ಉತ್ತರ ಕನ್ನಡದಂಥ ಆರು ಜಿಲ್ಲೆಗಳಷ್ಟು. ಕರಾವಳಿಯ ಉದ್ದ ಸುಮಾರು 1,340 ಕಿಲೋಮೀಟರ್, ಕರ್ನಾಟಕದ ಕರಾವಳಿಯ ನಾಲ್ಕು ಪಟ್ಟು. ಬೆಟ್ಟದ ರಸ್ತೆಗಳಲ್ಲಿ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್‌ಗಿಂತ ಹೆಚ್ಚು ಸಾಗುವುದಿಲ್ಲ. ಎಲ್ಲವನ್ನೂ ನೋಡಲು ಹೊರಟವರು ವಾಹನದ ಕಿಟಕಿಯನ್ನಷ್ಟೇ ನೋಡಿ ಬರುತ್ತಾರೆ.

ಏಳು ರಾತ್ರಿಗಳ ಒಂದು ಯೋಜನೆಯನ್ನು ಇಲ್ಲಿ ಸೂಚಿಸಬಹುದು. ವಿಮಾನ ನಿಲ್ದಾಣವಿರುವುದು ಕೊಲಂಬೊದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಕಟುನಾಯಕೆಯಲ್ಲಿ. ಮೊದಲ ರಾತ್ರಿ ಹತ್ತಿರದ ನೆಗೊಂಬೊದಲ್ಲಿ ವಿಶ್ರಾಂತಿ. ಮರುದಿನ ಒಳನಾಡಿಗೆ ಸಾಗಿ ಸಿಗಿರಿಯಾ ಅಥವಾ ಹಬರಣೆಯಲ್ಲಿ ಎರಡು ರಾತ್ರಿ. ಐದನೆಯ ಶತಮಾನದ ಕಾಶ್ಯಪ ರಾಜನ ಸಿಗಿರಿಯಾ ಬಂಡೆಕೋಟೆ, ದಂಬುಲ್ಲದ ಗುಹಾಲಯ ಹಾಗೂ ಮಿನ್ನೇರಿಯ ಅಭಯಾರಣ್ಯ ಇಲ್ಲಿಂದ ಸಮೀಪ. ಸಿಗಿರಿಯಾಕ್ಕೆ ಸಾವಿರಕ್ಕೂ ಮೀರಿದ ಮೆಟ್ಟಿಲುಗಳಿವೆ. ಮಂಡಿನೋವಿರುವ ಹಿರಿಯರು ಕೆಳಗಿನ ಉದ್ಯಾನವನ್ನು ನೋಡಿ ತೃಪ್ತರಾಗಬೇಕು. ಒಣಹವೆಯಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದಂತೆ ಹಸಿ ಹುಲ್ಲಿಗಾಗಿ ಜುಲೈನಿಂದ ಸೆಪ್ಟೆಂಬರ್ ವರೆಗೆ ಕಾಡಾನೆಗಳು ಅಲ್ಲಿ ಹಿಂಡುಹಿಂಡಾಗಿ ಸೇರುತ್ತವೆ. ಡಿಸೆಂಬರ್‌ನಲ್ಲಿ ಹೋದವರಿಗೆ ಈ ನೋಟ ಸಿಗದು.

ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಟ್ರಿಂಕೋಮಲಿಯಲ್ಲಿ ಎರಡು ರಾತ್ರಿ. ನಮ್ಮವರಿಗೆ ಈ ಊರು ಅಪರಿಚಿತವೆನಿಸದು. ಹಳೆಯ ಪಾಳಿ ಗ್ರಂಥಗಳಲ್ಲಿ ಇದರ ಹೆಸರು ಗೋಕಣ್ಣ, ಅಂದರೆ ಗೋಕರ್ಣ. ಬಂಡೆಯ ತುದಿಯಲ್ಲಿ ಕಡಲಿಗೆ ಮುಖಮಾಡಿ ನಿಂತ ಕೋಣೇಶ್ವರ ಶಿವಾಲಯವನ್ನು 17ನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ್ದರು. ಈಗಿರುವುದು ಮತ್ತೆ ಕಟ್ಟಿದ ದೇವಾಲಯ. ಕಾರವಾರದಂತೆ ಇದೂ ನೌಕಾನೆಲೆಯ ಬಂದರು. ಎಲ್ಲಿ ಚಿತ್ರ ತೆಗೆಯಬಾರದೆಂಬುದು ನಮ್ಮವರಿಗೆ ಗೊತ್ತಿರುವ ವಿಷಯವೇ. ನಿಲಾವೆಲಿಯ ಮರಳದಂಡೆ, ಅದರೆದುರಿಗೆ ಹವಳದ ದಿಬ್ಬಗಳಿರುವ ಪಾರಿವಾಳ ದ್ವೀಪ ಇವು ಈ ಋತುವಿನಲ್ಲಿಯೇ ನೋಡಬೇಕಾದವು. ಕೊನೆಯ ಎರಡು ರಾತ್ರಿ ಕ್ಯಾಂಡಿಯಲ್ಲಿ ದಂತಧಾತು ಮಂದಿರ ಮತ್ತು ಪೇರಾದೆನಿಯ ಸಸ್ಯೋದ್ಯಾನಕ್ಕೆ ಮೀಸಲಿರಲಿ. ಅಲ್ಲಿ ಆಗಾಗ ಮಳೆ ಬರುವುದರಿಂದ ಛತ್ರಿ ಜೊತೆಗಿರಬೇಕು. ಜುಲೈ ಅಥವಾ ಆಗಸ್ಟ್ ತಿಂಗಳಲ್ಲಿ ನಡೆಯುವ ಎಸಲ ಪೆರಹೆರ ಉತ್ಸವದ ದಿನಗಳಲ್ಲಿ ಕೋಣೆಗಳ ದರ ಬಹಳ ಏರುತ್ತದೆ. ಉತ್ಸವ ನೋಡುವವರು ಮುಂಚಿತವಾಗಿ ಕಾಯ್ದಿರಿಸಬೇಕು, ಉಳಿದವರು ಆ ದಿನಗಳನ್ನು ತಪ್ಪಿಸಬೇಕು. ಗಾಲೆ, ಮಿರಿಸ್ಸಾ, ನುವರಎಲಿಯಗಳು ಮತ್ತೊಂದು ವರ್ಷಕ್ಕಿರಲಿ.

ಲೆಕ್ಕ, ತೆರಿಗೆ, ಕಾಗದಪತ್ರ

ದಿನಾಂಕವನ್ನು ತೆರಿಗೆಯ ಪಂಚಾಂಗ ನೋಡಿ ಗೊತ್ತುಮಾಡಬೇಕು. ಜಿ.ಎಸ್.ಟಿ.ಯ ಮಾಸಿಕ ವಿವರಗಳಿಗೆ 11 ಮತ್ತು 20ನೆಯ ತಾರೀಖುಗಳು ಕೊನೆಯವು. ತ್ರೈಮಾಸಿಕ ವಿವರ ಸಲ್ಲಿಸುವ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಏಪ್ರಿಲ್‌ನಿಂದ ಜೂನ್ ವರೆಗಿನ ಅವಧಿಯ ಗಡುವು ಜುಲೈ 22ಕ್ಕೆ ಮುಗಿಯುತ್ತದೆ. ಆದ್ದರಿಂದ ಜುಲೈ 23ರ ನಂತರದ ಹತ್ತು ದಿನಗಳು ಸೂಕ್ತ. ಕುಟುಂಬದ ಪ್ರವಾಸದ ವೆಚ್ಚವನ್ನು ಅಂಗಡಿಯ ಖರ್ಚಿನಲ್ಲಿ ತೋರಿಸುವ ಆಸೆ ಬೇಡ. ಅದು ಸ್ವಂತ ಖರ್ಚು; ಆದಾಯ ತೆರಿಗೆಯಲ್ಲಿ ಅದಕ್ಕೆ ಕಡಿತವಿಲ್ಲ, ಅದರ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆಯ ಜಮೆಯೂ ಸಿಗದು. ಭಾರತದ ಪ್ರವಾಸ ಸಂಸ್ಥೆಯಿಂದ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಮೂಲದಲ್ಲಿ ತೆರಿಗೆ ಸಂಗ್ರಹಿಸುತ್ತಾರೆ. ಇದರ ದರ ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಆದರೆ ಆ ಮೊತ್ತ ನಷ್ಟವಲ್ಲ, ವರ್ಷದ ತೆರಿಗೆಗೆ ಜಮೆಯಾಗುತ್ತದೆ. ಕುಟುಂಬದಲ್ಲಿ ತೆರಿಗೆ ಕಟ್ಟುವವರ ಪ್ಯಾನ್ ಸಂಖ್ಯೆಯಲ್ಲಿಯೇ ಪಾವತಿ ಮಾಡುವುದು ಜಾಣತನ.

ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಇಲೆಕ್ಟ್ರಾನಿಕ್ ಪ್ರವೇಶಾನುಮತಿಯನ್ನು ಶ್ರೀಲಂಕಾ ಸರಕಾರದ ಅಧಿಕೃತ ತಾಣದಲ್ಲಿಯೇ ಪಡೆಯಬೇಕು. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಯಂತ್ರ ಕೊಳ್ಳುವಾಗ ಮೂರು ಕಡೆಯ ದರಪಟ್ಟಿ ತರಿಸುವ ನಾವು, ಪ್ರವಾಸಕ್ಕೂ ಮೂರು ಲಿಖಿತ ದರಪಟ್ಟಿ ತರಿಸಬೇಕು. ವಾಹನದ ಬಾಡಿಗೆಯಲ್ಲಿ ಇಂಧನ, ಚಾಲಕನ ಊಟ ವಸತಿ ಸೇರಿವೆಯೇ, ಪ್ರವೇಶ ಶುಲ್ಕಗಳು ಸೇರಿವೆಯೇ ಎಂದು ಬರೆಯಿಸಿಕೊಳ್ಳಬೇಕು. ಪ್ರಾಚೀನ ಸ್ಥಳಗಳಲ್ಲಿ ಸಾರ್ಕ್ ದೇಶಗಳ ಪ್ರಜೆಗಳಿಗೆ ರಿಯಾಯಿತಿ ಉಂಟೇ ಎಂದು ಪಾಸ್‌ಪೋರ್ಟ್ ತೋರಿಸಿ ವಿಚಾರಿಸಬೇಕು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರಕ್ಕೂ ಹೆಚ್ಚು ರೂಪಾಯಿ ದೊರೆಯುವುದರಿಂದ ಬೆಲೆಪಟ್ಟಿಯಲ್ಲಿ ಸೊನ್ನೆಗಳು ಹೆಚ್ಚು ಕಾಣುತ್ತವೆ. ಗಾಬರಿಯಾಗುವುದೂ ಬೇಡ, ಅಗ್ಗವೆಂದು ಮೈಮರೆಯುವುದೂ ಬೇಡ.

ನಾಲ್ಕು ಕುಟುಂಬಗಳು ಸೇರಿ ಒಂದು ವ್ಯಾನ್ ಗೊತ್ತುಮಾಡಿದರೆ ಖರ್ಚು ಇಳಿಯುತ್ತದೆ. ಊಟಕ್ಕೆ ಕಷ್ಟವಿಲ್ಲ, ಅನ್ನ, ತೆಂಗಿನಕಾಯಿ, ಮೀನು ನಮ್ಮಂತೆಯೇ. ಆದರೆ ಒಣಗಿಸಿದ ಮೀನಿನ ಪುಡಿಯನ್ನು ಚಟ್ನಿ ಪಲ್ಯಗಳಲ್ಲಿಯೂ ಬೆರೆಸುವ ರೂಢಿ ಅಲ್ಲಿದೆ. ಶಾಕಾಹಾರಿಗಳು ಕೇಳಿಯೇ ಉಣ್ಣಬೇಕು.

ಅಪಾಯದ ಅಂದಾಜು

ಪ್ರಯಾಣದ ಮೊದಲ ಗಂಡಾಂತರ ದ್ವೀಪದಲ್ಲಿಲ್ಲ, ನಮ್ಮ ಹೆದ್ದಾರಿಯಲ್ಲಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಆದುದರಿಂದ ಬೆಂಗಳೂರಿನಿಂದ ವಿಮಾನ ಹಿಡಿಯುವವರು ಹಿಂದಿನ ದಿನವೇ ಅಲ್ಲಿ ಇರಬೇಕು. ಹಿಂದಿರುಗಿದ ಮರುದಿನ ಯಾವ ಮುಖ್ಯ ವ್ಯವಹಾರವನ್ನೂ ಇಟ್ಟುಕೊಳ್ಳಬಾರದು.

ಶ್ರೀಲಂಕೆಯೂ ಪೆಟ್ಟು ತಿಂದ ದೇಶವೇ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದರು. 2019ರ ಏಪ್ರಿಲ್ 21ರ ಬಾಂಬ್ ದಾಳಿ, ನಂತರ ಕೊರೋನಾ, 2022ರಲ್ಲಿ ವಿದೇಶಿ ಸಾಲ ತೀರಿಸಲಾಗದ ಆರ್ಥಿಕ ಕುಸಿತ ಒಂದರ ಮೇಲೊಂದು ಬಂದವು. 2024ರಲ್ಲಿ ಪ್ರವಾಸಿಗರ ಸಂಖ್ಯೆ ಪುನಃ 20 ಲಕ್ಷ ದಾಟಿತು. ಅವರಲ್ಲಿ ಭಾರತೀಯರೇ ಹೆಚ್ಚು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತದಿಂದ ಪ್ರವಾಹ, ಭೂಕುಸಿತಗಳಾಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಸೀಮೆಯ ರಸ್ತೆ, ರೈಲು ಮಾರ್ಗಗಳಿಗೆ ತೀವ್ರ ಹಾನಿಯಾಯಿತು. ಬೆಟ್ಟದ ರೈಲಿನಲ್ಲಿ ಕೂರುವ ಆಸೆಯುಳ್ಳವರು ಯಾವ ಭಾಗ ಓಡುತ್ತಿದೆಯೆಂದು ತಿಳಿದೇ ಟಿಕೆಟ್ ಕೊಳ್ಳಬೇಕು. ಪ್ರವಾಸ ವಿಮೆಗೆ ಕೊಡುವ ಹಣವನ್ನು ಅಂಗಡಿಯ ಬೆಂಕಿ ವಿಮೆಯಂತೆಯೇ ಕಾಣಬೇಕು.

ಅಂಗಡಿಯ ಪರೀಕ್ಷೆ

ಉಳಿದಿರುವುದು ಎಲ್ಲಕ್ಕಿಂತ ಕಠಿಣವಾದ ಸಿದ್ಧತೆ. ಮಾಲೀಕನು ಎಂಟು ದಿನ ಇಲ್ಲದಿದ್ದರೆ ನಿಲ್ಲುವ ವ್ಯವಹಾರವು, ಅವನು ಕಾಯಿಲೆ ಬಿದ್ದರೂ ನಿಲ್ಲುತ್ತದೆ. ಯಾರು ಎಷ್ಟು ಉದರಿ ಕೊಡಬೇಕು, ಯಾವ ಸಗಟು ವ್ಯಾಪಾರಿಗೆ ಎಂದು ಹಣ ಕಳುಹಿಸಬೇಕು, ಯಾವ ಗಿರಾಕಿಗೆ ಯಾವ ದರ ಎಂಬುದೆಲ್ಲ ಒಬ್ಬನ ತಲೆಯಲ್ಲಿಯೇ ಇದ್ದರೆ, ಮಗನಾಗಲಿ ಮಗಳಾಗಲಿ ನಾಳೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮಾಡುವುದೇನು? ಪ್ರವಾಸಕ್ಕೆ ಎರಡು ತಿಂಗಳ ಮೊದಲು ಇವನ್ನೆಲ್ಲ ಬರೆದಿಡಬೇಕು. ಒಂದು ತಿಂಗಳ ಮೊದಲು ಎರಡು ದಿನ ಊರಲ್ಲಿದ್ದೂ ಅಂಗಡಿಗೆ ಹೋಗದೆ ನೋಡಬೇಕು. ಆಗ ಬರುವ ಒಂದೊಂದು ದೂರವಾಣಿ ಕರೆಯೂ ವ್ಯವಸ್ಥೆಯಲ್ಲಿರುವ ಒಂದೊಂದು ತೂತನ್ನು ತೋರಿಸುತ್ತದೆ.

ನೋಡಿಕೊಳ್ಳುವವರೇ ಇಲ್ಲದ ಚಿಕ್ಕ ಅಂಗಡಿಯವರು ಹದಿನೈದು ದಿನ ಮೊದಲೇ ಫಲಕ ಹಾಕಿ ಬೀಗ ಹಾಕಬಹುದು. ಮನೆಯಲ್ಲಿ ಸಾವಾದಾಗ ಹತ್ತು ಹನ್ನೆರಡು ದಿನ ಬಾಗಿಲು ಹಾಕುತ್ತೇವೆ. ಬಾಗಿಲು ತೆರೆದಾಗ ಗಿರಾಕಿಗಳು ತಪ್ಪದೆ ಬರುತ್ತಾರೆ. ಸೂತಕಕ್ಕೆ ಸಿಗುವ ಬಿಡುವನ್ನು ಬದುಕಿರುವವರ ಸಂತೋಷಕ್ಕೆ ಒಮ್ಮೆ ಕೊಟ್ಟರೆ ಯಾವ ವ್ಯಾಪಾರವೂ ಮುಳುಗದು.

ಮನೆಯೆದುರಿಗೇ ಕಡಲಿರುವಾಗ ಮತ್ತೊಂದು ಕಡಲಿಗೆ ಏಕೆ ಹೋಗಬೇಕೆಂಬ ಮಾತು ನಮ್ಮಲ್ಲಿದೆ. ನಮ್ಮ ಕಡಲಿನ ಎದುರು ನಮ್ಮ ಅಂಗಡಿಯೂ ಇದೆ, ಅದರ ಕೀಲಿಕೈ ಸೊಂಟದಲ್ಲಿದೆ ಎಂಬುದೇ ಅದಕ್ಕೆ ಉತ್ತರ. ಸದಸ್ಯ ಬಾಂಧವರು ಮುಂದಿನ ವರ್ಷದ ಅಂದಾಜುಪಟ್ಟಿಯಲ್ಲಿ ರಜೆಯೆಂಬ ಬಾಬ್ತೊಂದನ್ನು ಬರೆದು, ಪ್ರತಿ ತಿಂಗಳು ಅದಕ್ಕಿಷ್ಟು ಹಣ ತೆಗೆದಿರಿಸಲಿ. ಆಷಾಢ ಪ್ರತಿ ವರ್ಷ ಬರುತ್ತದೆ. ದಂಪತಿಗಳ ಮಂಡಿಯ ಕಸುವು ಪ್ರತಿ ವರ್ಷ ಹಾಗೆಯೇ ಇರುವುದಿಲ್ಲ.