ಕಿಟ್‌ಗಳ ಲೆಕ್ಕಕ್ಕೆ ಆಯೋಗ, ಮಕ್ಕಳ 19 ತಿಂಗಳ ಲೆಕ್ಕಕ್ಕೆ?

ಕೊರೋನಾ ಕಾಲದಲ್ಲಿ ರಾಜ್ಯ ಸರಕಾರ ಖರೀದಿಸಿದ ಔಷಧ, ಪಿಪಿಇ ಕಿಟ್ ಮತ್ತು ಇತರ ವೈದ್ಯಕೀಯ ಸಲಕರಣೆಗಳಲ್ಲಿ ಅವ್ಯವಹಾರ ನಡೆದಿದೆ ಎಂಬ ಆರೋಪದ ತನಿಖೆಗಾಗಿ 2023ರ ಆಗಸ್ಟ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹ ಅವರ ನೇತೃತ್ವದಲ್ಲಿ ಆಯೋಗ ರಚನೆಯಾಯಿತು. ಒಂದು ವರ್ಷದ ಬಳಿಕ ಅದು ವರದಿಯನ್ನೂ ಸಲ್ಲಿಸಿತು. ಆಡಳಿತ ಪಕ್ಷ ಮತ್ತು ವಿರೋಧ ಪಕ್ಷಗಳು ಆ ವರದಿಯನ್ನು ಹಿಡಿದುಕೊಂಡು ಪರಸ್ಪರ ಕೆಸರೆರಚಿಕೊಂಡವು. ಇರಲಿ, ಜನರ ತೆರಿಗೆಯ ಹಣಕ್ಕೆ ಲೆಕ್ಕ ಕೇಳುವುದು ನ್ಯಾಯವೇ. ಆದರೆ ಅದೇ ಅವಧಿಯಲ್ಲಿ ಈ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಂದ ಬರೋಬ್ಬರಿ 19 ತಿಂಗಳುಗಳನ್ನು ಕಿತ್ತುಕೊಳ್ಳಲಾಯಿತಲ್ಲ, ಅದರ ಲೆಕ್ಕವನ್ನು ಯಾರು ಕೇಳಿದರು? ಯಾವ ಆಯೋಗ ಕುಳಿತಿತು? ಸದನದಲ್ಲಿ ಯಾವ ಪಕ್ಷ ಧರಣಿ ನಡೆಸಿತು?

ಯಾರೂ ಕೇಳಲಿಲ್ಲ. ಕಿಟ್‌ಗೆ ಬಿಲ್ಲು ಇರುತ್ತದೆ, ಮಗು ಕಳಕೊಂಡ ಅಕ್ಷರಕ್ಕೆ ಬಿಲ್ಲು ಇರುವುದಿಲ್ಲ ಎಂಬುದೇ ಇದಕ್ಕೆ ಕಾರಣವೇ?

ದಿನಾಂಕಗಳನ್ನೊಮ್ಮೆ ನೆನಪಿಸಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಮೇ 4ರಂದು, ಅಂದರೆ ಆರು ವಾರ ತುಂಬುವ ಮೊದಲೇ, ರಾಜ್ಯದಲ್ಲಿ ಮದ್ಯದಂಗಡಿಗಳ ಬಾಗಿಲು ತೆರೆಯಿತು. ಜೂನ್ 8ರಂದು ಮಾಲ್‌ಗಳು ಮತ್ತು ಆರಾಧನಾಲಯಗಳು ತೆರೆದವು. ಸೆಪ್ಟೆಂಬರ್‌ನಲ್ಲಿ ಬಾರ್‌ಗಳಲ್ಲಿ ಕುಳಿತು ಕುಡಿಯುವುದಕ್ಕೂ, ಅಕ್ಟೋಬರ್‌ನಲ್ಲಿ ಸಿನಿಮಾ ಮಂದಿರಗಳಿಗೂ ಅನುಮತಿ ಸಿಕ್ಕಿತು. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರಿಗೆ ತರಗತಿ ಆರಂಭವಾದದ್ದು 2021ರ ಜನವರಿ 1ರಂದು. ಬಳಿಕ ಫೆಬ್ರವರಿಯಲ್ಲಿ ಒಂಬತ್ತನೆಯ ತರಗತಿ, ಹೆಚ್ಚಿನ ಕಡೆ ಆರರಿಂದ ಎಂಟು ಕೂಡ ಆರಂಭಗೊಂಡು, ಏಪ್ರಿಲ್‌ನಲ್ಲಿ ಎರಡನೆಯ ಅಲೆಯೊಂದಿಗೆ ಎಲ್ಲವೂ ಮತ್ತೆ ಮುಚ್ಚಿತು. ಪುನಃ ಆಗಸ್ಟ್ 23ಕ್ಕೆ ಒಂಬತ್ತು ಮತ್ತು ಮೇಲಿನವರು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟರವರು. ಒಂದನೆಯ ತರಗತಿಯ ಮಗು ಶಾಲೆಯ ಮೆಟ್ಟಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಅಂಗನವಾಡಿಯ ಮಗುವಂತೂ ನವೆಂಬರ್ 8ರ ವರೆಗೆ ಕಾಯಬೇಕಾಯಿತು. ಸಾರಾಯಿಗೆ ಆರು ವಾರ, ಸಿನಿಮಾಕ್ಕೆ ಏಳು ತಿಂಗಳು, ಅಕ್ಷರಾಭ್ಯಾಸಕ್ಕೆ 19 ತಿಂಗಳು! ಒಂದು ಸರಕಾರದ ಆದ್ಯತೆಯನ್ನು ತಿಳಿಯಲು ಇದಕ್ಕಿಂತ ದೊಡ್ಡ ದಾಖಲೆ ಬೇಕೇ?

‘ಮಕ್ಕಳ ಜೀವ ಮುಖ್ಯವಲ್ಲವೇ’ ಎಂಬ ಪ್ರಶ್ನೆ ಅಂದು ಎಲ್ಲ ಚರ್ಚೆಗಳನ್ನೂ ಬಾಯಿ ಮುಚ್ಚಿಸುತ್ತಿತ್ತು. ಸರಿ. ಹಾಗಾದರೆ 2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಾದ್ಯಂತ ಗ್ರಾಮ ಪಂಚಾಯತ್ ಚುನಾವಣೆ ನಡೆಯಿತಲ್ಲ, ಮತಗಟ್ಟೆಗಳು ಎಲ್ಲಿದ್ದವು? ಹೆಚ್ಚಿನವು ಅದೇ ಸರಕಾರಿ ಶಾಲೆಗಳಲ್ಲಿ. ಮತಗಟ್ಟೆಯ ಅಧಿಕಾರಿಗಳಾಗಿ ಕುಳಿತವರಾರು? ಬಹುತೇಕ ಅದೇ ಶಿಕ್ಷಕರು. ಮಗುವಿಗೆ ಅಪಾಯಕಾರಿ ಎಂದು ಬೀಗ ಹಾಕಿದ್ದ ಕೊಠಡಿಯಲ್ಲಿ ಊರಿನ ಹಿರಿಯರು, ರೋಗಿಗಳು, ಬಾಣಂತಿಯರೆಲ್ಲ ಸಾಲಿನಲ್ಲಿ ನಿಂತು ಮತ ಹಾಕಿದರು. 2021ರ ಸೆಪ್ಟೆಂಬರ್ 3ರಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ಮಹಾನಗರ ಪಾಲಿಕೆಗಳಿಗೆ ಮತದಾನವಾಯಿತು. ಅಂದು ಆ ನಗರಗಳ ಆರನೆಯ ತರಗತಿಯ ಮಗುವಿಗೆ ಕೂಡ ತನ್ನ ಶಾಲೆಗೆ ಪ್ರವೇಶವಿರಲಿಲ್ಲ, ಐದನೆಯ ತರಗತಿಯ ಮಗುವಿನ ಪಾಲಿಗಂತೂ ದಿನಾಂಕವೇ ನಿಗದಿಯಾಗಿರಲಿಲ್ಲ. ವೈರಾಣುವಿಗೆ ಮತದಾರರ ಗುರುತಿನ ಚೀಟಿ ಕಂಡರೆ ಭಯವೇ?

ಶಿಕ್ಷಕರ ಜೀವದ ಕಾಳಜಿಯ ಮಾತೂ ಹೀಗೆಯೇ. ಉತ್ತರ ಪ್ರದೇಶದಲ್ಲಿ 2021ರ ಏಪ್ರಿಲ್‌ನಲ್ಲಿ ಪಂಚಾಯತ್ ಚುನಾವಣೆ ನಡೆದಾಗ ಕರ್ತವ್ಯದ ನಂತರ ಮೃತಪಟ್ಟ ಶಿಕ್ಷಕರು ಮತ್ತು ಸಿಬ್ಬಂದಿಯೆಂದು 1,621 ಮಂದಿಯ ಪಟ್ಟಿಯನ್ನು ಅಲ್ಲಿನ ಶಿಕ್ಷಕರ ಸಂಘ ಮುಂದಿಟ್ಟಿತು. ಸರಕಾರ ಅದನ್ನು ಒಪ್ಪಲಿಲ್ಲ. ಶಾಲೆ ತೆರೆಯಿರಿ ಎಂದಾಗ ನೆನಪಾಗುವ ಶಿಕ್ಷಕರ ಜೀವ, ಚುನಾವಣೆ ಘೋಷಣೆಯಾದಾಗ ಏಕೆ ಮರೆತುಹೋಗುತ್ತದೆ?

ಹಾಗಂತ, ಭಯವೇ ಸುಳ್ಳಾಗಿತ್ತು ಎಂದು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಈ ರೋಗ ಮಕ್ಕಳನ್ನು ಏನು ಮಾಡುತ್ತದೆಂದು ಯಾರಿಗೂ ತಿಳಿದಿರಲಿಲ್ಲ. 2021ರ ಏಪ್ರಿಲ್-ಮೇ ತಿಂಗಳಲ್ಲಿ ಆಮ್ಲಜನಕಕ್ಕಾಗಿ ಜನರು ಬೀದಿ ಬೀದಿ ಅಲೆಯುತ್ತಿದ್ದಾಗ ಶಾಲೆ ನಡೆಸಬೇಕಿತ್ತು ಎಂದು ಬುದ್ಧಿಯಿದ್ದ ಯಾರೂ ವಾದಿಸಲಾರರು. ಎರಡು ಕೋಣೆಯ ಮನೆಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಂದೇ ಚಾಪೆಯಲ್ಲಿ ಮಲಗುವ ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಶಾಲೆಯಿಂದ ಮಗು ರೋಗ ತಂದೀತು ಎಂಬ ತಾಯಿಯ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆಕ್ಷೇಪವಿರುವುದು ಈ ಎರಡು ಘಟ್ಟಗಳ ನಡುವಿನ ಮತ್ತು ನಂತರದ ದೀರ್ಘ ತಿಂಗಳುಗಳ ಬಗ್ಗೆ. ಆಗ ತಿಳಿವಳಿಕೆ ಇತ್ತು. ಡೆನ್ಮಾರ್ಕ್ 2020ರ ಏಪ್ರಿಲ್ ಮಧ್ಯದಲ್ಲೇ ಚಿಕ್ಕ ಮಕ್ಕಳ ಶಾಲೆಗಳನ್ನು ತೆರೆದಿತ್ತು. 2021ರ ಜೂನ್‌ನಲ್ಲಿ ಡಾ. ದೇವಿಪ್ರಸಾದ್ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ, ಶಾಲೆ ಮುಚ್ಚಿಯೇ ಇದ್ದರೆ ಮಕ್ಕಳು ಅಪೌಷ್ಟಿಕತೆಗೆ, ದುಡಿಮೆಗೆ, ಬಾಲ್ಯವಿವಾಹಕ್ಕೆ ಬಲಿಯಾಗುತ್ತಾರೆಂದು ರಾಜ್ಯ ಸರಕಾರವನ್ನು ಎಚ್ಚರಿಸಿತ್ತು. ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ, ಚಿಕ್ಕ ಮಕ್ಕಳು ಈ ವೈರಾಣುವನ್ನು ಹಿರಿಯರಿಗಿಂತ ಚೆನ್ನಾಗಿ ಎದುರಿಸುತ್ತಾರೆ, ಆದ್ದರಿಂದ ಮೊದಲು ಪ್ರಾಥಮಿಕ ಶಾಲೆಗಳನ್ನು ತೆರೆಯುವುದು ವಿವೇಕ ಎಂದರು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 57.2 ಮಂದಿಯಲ್ಲಿ ಆಗಲೇ ಪ್ರತಿಕಾಯಗಳಿದ್ದವೆಂದು ಅದೇ ಮಂಡಳಿಯ ಸಮೀಕ್ಷೆ ಹೇಳಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಾಲೆ ಮುಚ್ಚಿದ್ದರೂ ಸೋಂಕನ್ನು ಕಂಡು ಬಂದಿದ್ದರು.

ನಮ್ಮ ಸರಕಾರ ಮಾಡಿದ್ದು ತದ್ವಿರುದ್ಧ. ಮೇಲಿನಿಂದ ಕೆಳಗೆ ತೆರೆಯಿತು. ಏಕೆಂದರೆ ಹತ್ತನೆಯ ತರಗತಿಗೆ ಪರೀಕ್ಷೆಯಿದೆ, ಒಂದನೆಯ ತರಗತಿಗಿಲ್ಲ. ಪರೀಕ್ಷೆ, ಫಲಿತಾಂಶ, ಶೇಕಡಾವಾರು ಇಲ್ಲದ ಮಗು ಇಲಾಖೆಯ ಕಣ್ಣಿಗೆ ಬೀಳುವುದೇ ಇಲ್ಲವೆಂದು ಕಾಣುತ್ತದೆ.

ಇಷ್ಟಕ್ಕೂ, ಮಾರ್ಗವೇ ಇರಲಿಲ್ಲ ಎಂಬುದು ಸುಳ್ಳು. 2020ರ ಆಗಸ್ಟ್‌ನಲ್ಲಿ ಇದೇ ರಾಜ್ಯ ‘ವಿದ್ಯಾಗಮ’ ಎಂಬ ಯೋಜನೆಯನ್ನು ಆರಂಭಿಸಿತ್ತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವುದು, ಸಣ್ಣ ಸಣ್ಣ ಗುಂಪುಗಳಲ್ಲಿ ಮರದ ನೆರಳಲ್ಲಿ, ಗುಡಿ-ಮಸೀದಿಗಳ ಅಂಗಳದಲ್ಲಿ, ಸಮುದಾಯ ಭವನಗಳಲ್ಲಿ ಕುಳ್ಳಿರಿಸಿ ಕಲಿಸುವುದು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಮೊಬೈಲ್ ಇರುವವರು, ಏನೂ ಇಲ್ಲದವರು ಎಂದು ಅದು ಮಕ್ಕಳನ್ನು ಗುರುತಿಸಿತ್ತು. ‘ಏನೂ ಇಲ್ಲದವರು’ ಎಂಬ ಒಂದು ವರ್ಗ ಇದೆಯೆಂದು ಆ ವರ್ಷ ಒಪ್ಪಿಕೊಂಡ ಬಹುಶಃ ಏಕೈಕ ಸರಕಾರಿ ಕಾರ್ಯಕ್ರಮ ಅದುವೇ ಇರಬೇಕು. ಬಯಲಿನಲ್ಲಿ, ಗಾಳಿಯಾಡುವಲ್ಲಿ, ಕಡಿಮೆ ಸಂಖ್ಯೆಯಲ್ಲಿ... ಸಾಂಕ್ರಾಮಿಕದ ಕಾಲಕ್ಕೆ ಇದಕ್ಕಿಂತ ತಕ್ಕ ತರಗತಿ ಇನ್ನೇನಿದೆ? ಕೊರತೆಗಳಿದ್ದವು, ನಿಜ. ಶಿಕ್ಷಕರಿಗೆ ಸರಿಯಾದ ರಕ್ಷಣೆಯಿರಲಿಲ್ಲ. ಕೆಲವರು ಸೋಂಕಿಗೆ ತುತ್ತಾಗಿ ಮೃತಪಟ್ಟರು. ಅವರಿಗೆ ಮುಖಗವಸು, ವಿಮೆ, ಪರೀಕ್ಷೆ, ವಯಸ್ಸಾದವರಿಗೆ ವಿನಾಯಿತಿ ಕೊಟ್ಟು ಯೋಜನೆಯನ್ನು ಸರಿಪಡಿಸಬಹುದಿತ್ತು. ಆದರೆ ಟಿವಿ ಚಾನೆಲ್‌ಗಳು ಅಬ್ಬರಿಸಿದವು, ವಿರೋಧ ಪಕ್ಷಗಳ ನಾಯಕರು ಅವುಗಳಿಗೆ ದನಿಗೂಡಿಸಿದರು, ಸರಕಾರ ಅಕ್ಟೋಬರ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿತು. ಜನವರಿಯಲ್ಲಿ ಅದು ಶಾಲಾ ಆವರಣಕ್ಕೆ ಮರಳಿದಾಗ ಆರರಿಂದ ಒಂಬತ್ತನೆಯ ತರಗತಿಯವರಿಗೆ ಜಾಗವಿತ್ತು, ಅಕ್ಷರ ಕಲಿಯಬೇಕಾದ ಪುಟ್ಟ ಮಕ್ಕಳಿಗಿರಲಿಲ್ಲ. ಅಂದು ಸ್ಟುಡಿಯೋದಲ್ಲಿ ಕುಳಿತು ವಿದ್ಯಾಗಮದ ವಿರುದ್ಧ ಗುಡುಗಿದ ನಿರೂಪಕರ ಪೈಕಿ ಎಷ್ಟು ಮಂದಿಯ ಮಕ್ಕಳು ಸರಕಾರಿ ಶಾಲೆಯಲ್ಲಿದ್ದರು?

ಅವರ ಮಕ್ಕಳಿಗೆ ಆನ್‌ಲೈನ್ ಇತ್ತು. ಉಳಿದವರಿಗೆ? ಅರ್ಥಶಾಸ್ತ್ರಜ್ಞ ಜಾನ್ ಡ್ರೀಜ್, ರೀತಿಕಾ ಖೇರಾ ಮುಂತಾದವರು 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ವಸತಿಗಳಲ್ಲಿ ಸುಮಾರು 1,400 ಮಕ್ಕಳ ಸಮೀಕ್ಷೆ ನಡೆಸಿದರು. ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದವರು ಗ್ರಾಮಗಳಲ್ಲಿ ಶೇ. 8, ನಗರಗಳಲ್ಲಿ ಶೇ. 24. ಗ್ರಾಮಗಳಲ್ಲಿ ಶೇ. 37 ಮಕ್ಕಳು ಏನನ್ನೂ ಕಲಿಯುತ್ತಿರಲಿಲ್ಲ. ನಗರದ ಬಡವರ ಮಟ್ಟಿಗೂ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಸಿಕ್ಕ ಸೌಲಭ್ಯವನ್ನೇ ಸರಕಾರ ‘ಶಿಕ್ಷಣ ನಿಂತಿಲ್ಲ’ ಎನ್ನುವುದಕ್ಕೆ ಪುರಾವೆಯಾಗಿ ತೋರಿಸಿತು. ಮನೆಯಲ್ಲಿ ಒಂದೇ ಮೊಬೈಲ್, ಅದು ತಂದೆಯ ಜೇಬಿನಲ್ಲಿ, ತಂದೆ ಗ್ಯಾರೇಜಿನಲ್ಲಿ ಅಥವಾ ಮೀನು ಮಾರುಕಟ್ಟೆಯಲ್ಲಿ. ರಾತ್ರಿ ಮನೆಗೆ ಬಂದರೆ ಆ ಮೊಬೈಲ್ ಮೊದಲು ಯಾರ ಕೈಗೆ ಹೋಗುತ್ತಿತ್ತು, ಮಗನಿಗೋ ಮಗಳಿಗೋ? ಓದುಗರು ತಮ್ಮ ತಮ್ಮ ಮನೆಯನ್ನೇ ಕೇಳಿಕೊಳ್ಳಲಿ.

ಈ ಚರ್ಚೆಯನ್ನು ಇನ್ನಷ್ಟು ಕೆಡಿಸಿದ್ದು ಶುಲ್ಕದ ಜಗಳ. ಶಾಲೆ ತೆರೆಯಿರಿ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಮುಂಚೂಣಿಯಲ್ಲಿದ್ದವು. ಆದ್ದರಿಂದ ಶಾಲೆ ತೆರೆಯುವುದೆಂದರೆ ಪೂರ್ಣ ಶುಲ್ಕ ವಸೂಲಿಗೆ ದಾರಿ ಮಾಡಿಕೊಡುವುದು ಎಂದು ಹೆತ್ತವರು ಭಾವಿಸಿದರು. 2021ರ ಜನವರಿಯಲ್ಲಿ ಸರಕಾರ ಬೋಧನಾ ಶುಲ್ಕದಲ್ಲಿ ಶೇ. 30 ಕಡಿತಗೊಳಿಸಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಕಡಿತವನ್ನು ಶೇ. 15ಕ್ಕೆ ಇಳಿಸಿತು. ಈ ಗದ್ದಲದಲ್ಲಿ ಶುಲ್ಕವೇ ಇಲ್ಲದ ಸರಕಾರಿ ಶಾಲೆಯ ಮಗುವಿನ ಪರ ಮಾತಾಡುವವರೇ ಇಲ್ಲದಾದರು. ಆ ಮಗುವಿಗೆ ಶಾಲೆಯೆಂದರೆ ಪಾಠ ಮಾತ್ರವಲ್ಲ, ಮಧ್ಯಾಹ್ನದ ಬಿಸಿಯೂಟ ಕೂಡ. ಅಕ್ಕಿ-ಬೇಳೆಯನ್ನು ಮನೆಗೆ ಹಂಚಿದೆವು ಎಂದು ಅಧಿಕಾರಿಗಳು ಹೇಳಿಯಾರು. ಕೆಲಸ ಕಳಕೊಂಡ ಮನೆಯಲ್ಲಿ ಮಗುವಿನ ಪಾಲಿನ ಅಕ್ಕಿ ಇಡೀ ಕುಟುಂಬದ ಪಾಲಾಗುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿಯೇ?

ಇನ್ನು ನಾವು. ಸರಕಾರವನ್ನು ದೂರಿ ಕೈ ತೊಳೆದುಕೊಳ್ಳುವಂತಿಲ್ಲ. ಶಾದಿ ಮಹಲ್‌ಗಳಲ್ಲಿ ಬಿರಿಯಾನಿಯ ಹಂಡೆ ಪುನಃ ಒಲೆಯೇರಿದ ದಿನಗಳಲ್ಲಿ, ‘ಮಗುವನ್ನು ಶಾಲೆಗೆ ಹೇಗೆ ಕಳುಹಿಸುವುದು’ ಎಂದು ನಮ್ಮಲ್ಲೇ ಎಷ್ಟೋ ಮಂದಿ ಹೇಳುತ್ತಿದ್ದರು. ಆಹಾರದ ಕಿಟ್ ಹಂಚುವುದರಲ್ಲಿ, ಮೃತದೇಹಗಳ ಅಂತ್ಯಸಂಸ್ಕಾರದಲ್ಲಿ ಧರ್ಮಭೇದವಿಲ್ಲದೆ ದುಡಿದ ಯುವಕರ ಬಗ್ಗೆ ಹೆಮ್ಮೆಯಿದೆ. ಆದರೆ ಅದೇ ಜಮಾಅತ್‌ಗಳ ಸಭಾಭವನಗಳು, ಮದ್ರಸಗಳ ವಿಶಾಲ ಕೊಠಡಿಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದಾಗ ವಿದ್ಯಾಗಮ ನಿಲ್ಲಿಸಬೇಡಿ, ನಮ್ಮಲ್ಲಿ ಜಾಗವಿದೆ, ಬನ್ನಿ ಎಂದು ಶಿಕ್ಷಣಾಧಿಕಾರಿಗೆ ಮನವಿ ಕೊಟ್ಟ ಆಡಳಿತ ಸಮಿತಿಗಳು ಎಷ್ಟು? ಹದಿನಾಲ್ಕರ ಹುಡುಗ ಗುಜರಿ ಅಂಗಡಿಗೆ ಸೇರಿದಾಗ, ‘ಸುಮ್ಮನೆ ಮನೆಯಲ್ಲಿರುವುದಕ್ಕಿಂತ ಒಳ್ಳೆಯದೇ’ ಎಂದವರು ನಾವೇ. ಬೀಡಿ ಕಟ್ಟಲು ತಾಯಿಯ ಪಕ್ಕ ಕುಳಿತ ಹುಡುಗಿಯನ್ನು ಕಂಡು, ‘ಕೆಲಸ ಕಲಿತಳು’ ಎಂದು ಮೆಚ್ಚಿದವರೂ ನಾವೇ. ದುಡ್ಡಿನ ರುಚಿ ಕಂಡ ಹುಡುಗ ಮತ್ತೆ ಪಾಟೀಚೀಲ ಹೊತ್ತುಕೊಳ್ಳಲಿಲ್ಲ.

ಪರಿಣಾಮವೇನು? 2021ರ ಫೆಬ್ರವರಿಯಲ್ಲಿ ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರಕಾರಿ ಶಾಲೆಗಳ 16,067 ಮಕ್ಕಳ ಅಧ್ಯಯನವನ್ನು ಪ್ರಕಟಿಸಿತು. ಹಿಂದೆ ಕಲಿತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಶೇ. 92 ಮಕ್ಕಳು ಕಳಕೊಂಡಿದ್ದರು, ಗಣಿತದಲ್ಲಿ ಶೇ. 82. ಅದೇ ಮಾರ್ಚ್‌ನಲ್ಲಿ ರಾಜ್ಯದ ಗ್ರಾಮೀಣ ಭಾಗದಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರ ಶೇ. 19.2ರಿಂದ ಶೇ. 9.8ಕ್ಕೆ ಕುಸಿದಿತ್ತು. ಮೊದಲೇ ನೂರರಲ್ಲಿ ಹತ್ತೊಂಬತ್ತು ಮಕ್ಕಳಿಗಷ್ಟೇ ಓದಲು ಬರುತ್ತಿತ್ತೆಂಬುದು ಬೇರೆಯೇ ಒಂದು ದುರಂತ, ಅದರ ಚರ್ಚೆ ಇನ್ನೊಮ್ಮೆ ಆಗಲಿ. ಇವು ಶಾಲೆ ಮುಚ್ಚಿದ ಮೊದಲ ವರ್ಷದ ಅಂಕಿಗಳು ಎಂಬುದನ್ನು ಗಮನಿಸಬೇಕು. ಇದರ ನಂತರವೂ ಏಳು ತಿಂಗಳು ಪ್ರಾಥಮಿಕ ಶಾಲೆಗಳು ತೆರೆಯಲಿಲ್ಲ.

ಆದರೆ 2021ರ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 99.9! ಸಂಭ್ರಮಪಡೋಣವೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂದಾಗ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ನಕಲಿಗೆ ತಡೆಬಿದ್ದದ್ದೇ ಕಾರಣ ಎಂದರು. ಅದೂ ಕಾರಣವಿರಬಹುದು. ಆ ಮಕ್ಕಳು 2020-21ರಲ್ಲಿ ಏಳನೆಯ ತರಗತಿಯಲ್ಲಿದ್ದವರು, ಆ ವರ್ಷದ ಹೆಚ್ಚಿನ ಭಾಗವನ್ನು ಮನೆಯಲ್ಲೇ ಕಳೆದವರು ಎಂಬುದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

‘ಮುಗಿದ ಕಥೆ, ಈಗೇಕೆ ಕೆದಕುತ್ತೀರಿ’ ಎನ್ನುವವರಿದ್ದಾರೆ. 2022ರ ಮೇ 16ರಂದೇ ಶಾಲೆ ಆರಂಭಿಸಿ ‘ಕಲಿಕಾ ಚೇತರಿಕೆ’ ನಡೆಸಲಿಲ್ಲವೇ ಎಂದೂ ಕೇಳಿಯಾರು. ನಡೆಸಿದರು, ಒಳ್ಳೆಯದೇ. ಹತ್ತೊಂಬತ್ತು ತಿಂಗಳ ನಷ್ಟಕ್ಕೆ ಬೇಸಿಗೆ ರಜೆಯ ಎರಡು ವಾರ! ಕಥೆ ಮುಗಿದಿಲ್ಲ ಎನ್ನುವುದಕ್ಕೆ 2022ರ ಜನವರಿಯೇ ಸಾಕ್ಷಿ. ಮೂರನೆಯ ಅಲೆ ಬಂದ ಕೂಡಲೇ, ಇಷ್ಟೆಲ್ಲ ಅನುಭವಿಸಿದ ಬಳಿಕವೂ, ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತರವರೆಗಿನ ತರಗತಿಗಳನ್ನು ಮೊದಲು ಮುಚ್ಚಲಾಯಿತು. ಪಬ್ಬು, ಬಾರು, ಚಿತ್ರಮಂದಿರಗಳು ಅರ್ಧ ಆಸನಗಳೊಂದಿಗೆ ನಡೆಯುತ್ತಲೇ ಇದ್ದವು.

ಆದ್ದರಿಂದ ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಸರಳವಾದುದು. ಯಾವ ತಿಂಗಳಲ್ಲಿ ಯಾರ ಸಲಹೆಯ ಮೇರೆಗೆ ಶಾಲೆ ಮುಚ್ಚಿತು, ಯಾವ ತಜ್ಞರ ಶಿಫಾರಸನ್ನು ಯಾರು ಬದಿಗಿಟ್ಟರು, ವಿದ್ಯಾಗಮವನ್ನು ಯಾವ ಆಧಾರದಲ್ಲಿ ನಿಲ್ಲಿಸಲಾಯಿತು, ಎಷ್ಟು ಮಕ್ಕಳು ಹಿಂದಿರುಗಲಿಲ್ಲ ಎಂಬುದನ್ನು ತನಿಖೆ ನಡೆಸಿ ಸದನದಲ್ಲಿ ಮಂಡಿಸಬೇಕು. ಮುಂದಿನ ಸಾಂಕ್ರಾಮಿಕದಲ್ಲಿ ಬಾರ್, ಮಾಲ್, ಸಿನಿಮಾ ಮಂದಿರಗಳನ್ನು ಮುಚ್ಚದೆ ಶಾಲೆಯನ್ನು ಮುಚ್ಚುವಂತಿಲ್ಲ, ಶಾಲೆಯನ್ನು ತೆರೆಯದೆ ಅವುಗಳನ್ನು ತೆರೆಯುವಂತಿಲ್ಲ ಎಂದು ಕಾನೂನಿನಲ್ಲೇ ಬರೆಯಬೇಕು. ಚುನಾವಣೆಗೆ ಮತಗಟ್ಟೆಯಾಗುವ ಕೊಠಡಿ ಮರುದಿನ ತರಗತಿಯೂ ಆಗಬೇಕು. 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿ ಶಾಲೆಯನ್ನೇ ಕಾಣದೆ ಎರಡನೆಯ ತರಗತಿಗೆ ದಾಟಿಸಲ್ಪಟ್ಟ ಮಗು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವುದು 2030ರಲ್ಲಿ. ತನಿಖಾ ವರದಿ ಅದಕ್ಕಿಂತ ಮೊದಲು ಬರಬೇಕು.