ಬಸ್ಸಿಗೆ ತನ್ನ ನಂಬರ್ ಗೊತ್ತು, ಬಾಯಿಬಿಟ್ಟು ಹೇಳಲಿ

ಮಾನ್ಯ ಸಾರಿಗೆ ಸಚಿವರಿಗೆ,

ನನಗೆ ಕಣ್ಣು ಕಾಣುವುದಿಲ್ಲ. ಮನೆ ಯಲಹಂಕ ಉಪನಗರದಲ್ಲಿ, ಕೆಲಸ ಯಶವಂತಪುರದ ಕಡೆ. ನಿಮ್ಮಲ್ಲಿ ಕೇಳುವುದು ಒಂದೇ: ನಗರದ ಬಸ್ಸು ನಿಲ್ದಾಣಕ್ಕೆ ಬಂದಾಗ ತನ್ನ ನಂಬರನ್ನೂ ಹೋಗುವ ಜಾಗವನ್ನೂ ಹೊರಗೆ ನಿಂತವರಿಗೆ ಕೇಳುವಂತೆ ಹೇಳಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಉದ್ಘಾಟನೆಗೆ ಶಾಮಿಯಾನವೂ ಬೇಡ.

ದಾರಿಯಲ್ಲಿ ಸಿಗುವ ಹೆಬ್ಬಾಳದ ವಿಷಯ ಹೇಳುತ್ತೇನೆ. ಹೆಬ್ಬಾಳ ಸ್ಟಾಪ್ ಎನ್ನುವುದು ಒಂದು ಜಾಗವಲ್ಲ. ಮೇಖ್ರಿ ವೃತ್ತದ ಕಡೆಗೆ ಹೋಗುವವರು ಒಂದೆಡೆ, ರಿಂಗ್ ರೋಡಿನಲ್ಲಿ ಕೆ.ಆರ್. ಪುರದ ಕಡೆಗೆ ಹೋಗುವವರು ಇನ್ನೊಂದೆಡೆ, ಯಲಹಂಕ, ದೇವನಹಳ್ಳಿಯವರು ಮತ್ತೊಂದೆಡೆ. ನಡುವೆ ಮೇಲ್ಸೇತುವೆ, ಸಾಲದ್ದಕ್ಕೆ ವಿಮಾನ ನಿಲ್ದಾಣದ ಮೆಟ್ರೋ ಕಾಮಗಾರಿ. ಬ್ಯಾರಿಕೇಡ್ ಸರಿದ ಹಾಗೆ ಸ್ಟಾಪೂ ಸರಿಯುತ್ತದೆ. ಅದನ್ನು ಅವರಿವರನ್ನು ಕೇಳಿ ಪತ್ತೆ ಹಚ್ಚುತ್ತೇವೆ, ಅಭ್ಯಾಸವಾಗಿದೆ. ಅಸಲು ಪೇಚಾಟ ಶುರುವಾಗುವುದು ಬಸ್ಸು ಬಂದ ಮೇಲೆ. ಒಂದರ ಹಿಂದೆ ಒಂದು ಮೂರು ಬಸ್ಸು ಬರುತ್ತವೆ. ಮೊದಲನೆಯದು ಶೆಲ್ಟರ್ ದಾಟಿ ಮುಂದೆ ನಿಲ್ಲುತ್ತದೆ, ಎರಡನೆಯದು ಅದರ ಪಕ್ಕಕ್ಕೆ ರಸ್ತೆ ನಡುವೆ, ಮೂರನೆಯದು ಜಾಗ ಸಿಗದೆ ಹಿಂದೆಯೇ. ಜನ ಮೂರು ದಿಕ್ಕಿಗೆ ಓಡುತ್ತಾರೆ. "ಯಾವ್ ಬಸ್ಸು ಸಾರ್ ಇದು?" ಎಂದು ನಾನು ಕೇಳುವಷ್ಟರಲ್ಲಿ ಉತ್ತರ ಹೇಳಬೇಕಾದವರು ಫುಟ್‌ಬೋರ್ಡ್ ಹತ್ತಿರುತ್ತಾರೆ. ಕೆಲವೊಮ್ಮೆ ಯಾರೋ ಪುಣ್ಯಾತ್ಮರು ರಟ್ಟೆ ಹಿಡಿದು ಹತ್ತಿಸಿಯೇ ಬಿಡುತ್ತಾರೆ, ಎಲ್ಲಿಗೆ ಹೋಗಬೇಕು ಎಂದು ಮಾತ್ರ ಕೇಳಿರುವುದಿಲ್ಲ.

ಹಿಂದೆ ನಮಗೆ ಎರಡು ಆಸರೆಗಳಿದ್ದವು. ಒಂದು ಡೀಸೆಲ್ ಎಂಜಿನ್ನಿನ ಗುಡುಗು. ಬಸ್ಸು ಬರುತ್ತಿದೆ, ನಿಧಾನವಾಯಿತು, ಇಗೋ ಎಡಕ್ಕೆ ನಿಂತಿತು ಎಂದು ಆ ಸದ್ದೇ ಹೇಳುತ್ತಿತ್ತು. 2021ರ ಕೊನೆಯಿಂದ ಎಲೆಕ್ಟ್ರಿಕ್ ಬಸ್ಸುಗಳು ಬಂದವು. ಹೊಗೆ ಇಲ್ಲ, ಕುಲುಕಾಟ ಕಡಿಮೆ, ಒಳಗೆ ಕೂತವರಿಗೆ ಸುಖ. ನಮಗೆ ಮಾತ್ರ ಬಸ್ಸು ಬಂದದ್ದು ತಿಳಿಯುವುದು ಮೊಣಕೈ ಪಕ್ಕದಲ್ಲಿ ಬಾಗಿಲು ತೆರೆದುಕೊಂಡಾಗ. ಇನ್ನೊಂದು ಆಸರೆ ಕಂಡಕ್ಟರ್ ಕೂಗು. "ಯಲಾಂಕ ಯಲಾಂಕ ಯಲಾಂಕ, ಯಾರ್ರೀ ಯಲಾಂಕ" ಎಂದು ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದವರು ಈಗ ಟಿಕೆಟ್ ಮೆಷಿನ್ ಒತ್ತುತ್ತಾ, ಯುಪಿಐ ದುಡ್ಡು ಬಂತೋ ಇಲ್ಲವೋ ನೋಡುತ್ತಾ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿಯುತ್ತಾ ಬಸ್ಸಿನ ಮಧ್ಯೆ ಸಿಕ್ಕಿಕೊಂಡಿರುತ್ತಾರೆ. ಅವರನ್ನು ದೂರುವುದಿಲ್ಲ.

ಆ ಎರಡು ಆಸರೆಗಳ ಜಾಗವನ್ನು ಬಸ್ಸಿನೊಳಗಿನ ಕಂಪ್ಯೂಟರ್ ತುಂಬಬಹುದು. 1991ರ ಸೆಪ್ಟೆಂಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧಕ ಮಾರ್ಕ್ ವೈಸರ್ ಒಂದು ಲೇಖನ ಬರೆದರು. ಮುಂದೊಂದು ದಿನ ಕಂಪ್ಯೂಟರ್ ಮೇಜಿನ ಮೇಲಿನ ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಗೋಡೆ, ಬಾಗಿಲು, ನಿತ್ಯ ಬಳಕೆಯ ಸಾಮಾನುಗಳೊಳಗೆ ಸೇರಿಕೊಂಡು, ಅದು ಅಲ್ಲಿದೆ ಎಂಬುದೇ ಗಮನಕ್ಕೆ ಬಾರದ ಹಾಗೆ ಕೆಲಸ ಮಾಡುತ್ತದೆ ಎಂಬುದು ಅವರ ಕಲ್ಪನೆ. ನಮ್ಮ ಊರಿನಲ್ಲಿ ಅದು ನಿಜವಾಗಿರುವ ಜಾಗ ಯಾವುದೆಂದರೆ ಸಿಟಿ ಬಸ್ಸು. 2016ರಿಂದ ಬೆಂಗಳೂರಿನ ಬಸ್ಸುಗಳ ಜಾಡನ್ನು ಜಿಪಿಎಸ್ ಮೂಲಕ ಹಿಡಿಯುವ ವ್ಯವಸ್ಥೆ ಇದೆ. ಟಿಕೆಟ್ ಮೆಷಿನ್ನೇ ಒಂದು ಪುಟ್ಟ ಕಂಪ್ಯೂಟರ್. ನೆತ್ತಿಯ ಮೇಲೆ ಅಕ್ಷರ ಓಡುವ ಬೋರ್ಡ್, ಶಾಂತಿನಗರದಲ್ಲಿ ಕೂತು ಎಲ್ಲವನ್ನೂ ಪರದೆಯ ಮೇಲೆ ನೋಡುವ ಕಂಟ್ರೋಲ್ ರೂಮ್. ತಾನು ಎಷ್ಟನೇ ನಂಬರ್, ಎಲ್ಲಿಗೆ ಹೋಗುತ್ತಿದ್ದೇನೆ, ಮುಂದಿನ ಸ್ಟಾಪ್ ಯಾವುದು ಎಂದು ಬಸ್ಸಿಗೆ ಗೊತ್ತು. ಬೋರ್ಡಿನಲ್ಲಿ ಅಕ್ಷರ ಓಡಿಸುವ ಪೆಟ್ಟಿಗೆಯಿಂದ ಬಾಗಿಲ ಪಕ್ಕದ ಸ್ಪೀಕರಿಗೆ ಒಂದು ತಂತಿ ಎಳೆಯುವುದು ಎಷ್ಟು ದೊಡ್ಡ ಕೆಲಸ? ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ಹೊರಡಿಸಿದ 2013ರ ನಗರ ಬಸ್ ಮಾನದಂಡಗಳಲ್ಲೇ ಬೋರ್ಡಿನ ಜೊತೆಗೆ ಧ್ವನಿ ಪ್ರಕಟಣೆಯೂ ಇದೆ.

ಈ ಮಾತು ಎತ್ತಿದ ಕೂಡಲೇ ಯಾರಾದರೂ "ಆ್ಯಪ್ ಇದೆಯಲ್ಲ" ಎನ್ನುತ್ತಾರೆ. ಇದೆ, ನಾನೂ ಬಳಸುತ್ತೇನೆ. ಬಸ್ಸು ಕೊಡಿಗೇಹಳ್ಳಿ ದಾಟಿತು, ಇನ್ನು ಮೂರು ನಿಮಿಷ ಎಂದು ಫೋನ್ ಹೇಳುತ್ತದೆ. ಆದರೆ ಎದುರಿಗೆ ನಿಂತ ಮೂರು ಬಸ್ಸುಗಳಲ್ಲಿ ನನ್ನದು ಮೊದಲನೆಯದೋ ಕೊನೆಯದೋ ಎಂದು ಜಿಪಿಎಸ್ ಹೇಳಲಾರದು, ಅದರ ಲೆಕ್ಕದಲ್ಲಿ ಹತ್ತಿಪ್ಪತ್ತು ಮೀಟರ್ ಹೆಚ್ಚುಕಡಿಮೆ ಸಹಜ. ನಮ್ಮ ಕಷ್ಟ ಇರುವುದೇ ಆ ಹತ್ತಿಪ್ಪತ್ತು ಮೀಟರಿನಲ್ಲಿ. ಒಂದು ಕೈಯಲ್ಲಿ ಬಿಳಿಕೋಲು, ಇನ್ನೊಂದರಲ್ಲಿ ಬ್ಯಾಗು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಬೈಕ್ ನುಗ್ಗಿ ಬಂದದ್ದು ಕೇಳುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಅಂಧರು ಎಷ್ಟು ಜನ ಎಂದು ಕೇಳುವ ತೊಂದರೆಯನ್ನೂ ಆ್ಯಪ್ ಮಾಡಿಸುವವರು ತೆಗೆದುಕೊಳ್ಳುವುದಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಹೆಚ್ಚು. ಅವರೆಲ್ಲರೂ ಅಂಧರಲ್ಲ, ಬೆಂಗಳೂರಿನವರೂ ಅಲ್ಲ. ಆದರೆ ಫೋನ್ ಕೊಳ್ಳುವ ಶಕ್ತಿಯಿಂದ ಬಸ್ ಹತ್ತುವ ಹಕ್ಕನ್ನು ಅಳೆಯಬಾರದು.

ಆ ಕೊನೆಯ ಕೆಲವು ಮೀಟರಿಗೆ ಉತ್ತರ ನಿಮ್ಮ ಇಲಾಖೆಯ ಕೈಯಲ್ಲೇ ಇದೆ. ಐಐಟಿ ದೆಹಲಿಯ ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ತಂಡ ಅಂಧರಿಗಾಗಿ ಸ್ಮಾರ್ಟ್‌ಕೇನ್ ಎಂಬ ಕೋಲನ್ನು ಮಾಡಿತು. ಅವರದೇ ಇನ್ನೊಂದು ಉಪಕರಣ 'ಆನ್‌ಬೋರ್ಡ್'. ಕೈಯಲ್ಲೊಂದು ಪುಟ್ಟ ರಿಮೋಟ್. ಗುಂಡಿ ಒತ್ತಿದರೆ ಹತ್ತಿರದಲ್ಲಿರುವ ಬಸ್ಸುಗಳ ನಂಬರನ್ನು ಓದಿ ಹೇಳುತ್ತದೆ. ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಪಕ್ಕದ ಸ್ಪೀಕರ್ ಸದ್ದು ಮಾಡುತ್ತದೆ. ಸದ್ದು ಹಿಡಿದು ನಡೆದರೆ ಬಾಗಿಲು. ಡ್ರೈವರಿಗೂ ಯಾರೋ ಕಾಯುತ್ತಿದ್ದಾರೆಂದು ಗೊತ್ತಾಗುತ್ತದೆ. 2025ರಲ್ಲಿ ಮೈಸೂರಿನ ಸುಮಾರು 200 ನಗರ ಸಾರಿಗೆ ಬಸ್ಸುಗಳಿಗೆ 'ಧ್ವನಿ ಸ್ಪಂದನ' ಎಂಬ ಹೆಸರಿನಲ್ಲಿ ಇದನ್ನೇ ಅಳವಡಿಸಿದಿರಿ. ಬೆಂಗಳೂರಿನ ಕೆಲವು ಬಸ್ಸುಗಳಲ್ಲೂ ಪ್ರಯೋಗ ನಡೆಯಿತು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಹೆಬ್ಬಾಳದಲ್ಲಿ ಮೈಸೂರಿಗಿಂತ ಅದರ ಅಗತ್ಯ ಹೆಚ್ಚು ಎಂದರೆ ಮೈಸೂರಿನವರು ಬೇಸರಿಸಬಾರದು. ಯಶವಂತಪುರ, ಹೆಬ್ಬಾಳ, ಯಲಹಂಕ ಮಾರ್ಗಗಳಿಂದ ಶುರು ಮಾಡಿ.

ಆದರೆ ರಿಮೋಟ್ ಇಲ್ಲದವರೂ ಇದ್ದಾರೆ. ಬ್ಯಾಟರಿ ಮುಗಿದವರು, ಕಣ್ಣು ಮಂಜಾದ ಅಜ್ಜಂದಿರು, ಓದು ಬಾರದವರು, ಊರಿಗೆ ಹೊಸಬರು. ಅವರಿಗೆಲ್ಲ ಬಸ್ಸೇ ಜೋರಾಗಿ ಹೇಳಿದರೆ ಸಾಕು. ವೈಸರ್ ಆ ಲೇಖನ ಬರೆದ ವರ್ಷವೇ ಅಮೆರಿಕದ ಸಾರಿಗೆ ಇಲಾಖೆ ಒಂದು ನಿಯಮ ಮಾಡಿತು: ಒಂದೇ ಸ್ಟಾಪಿಗೆ ಬೇರೆ ಬೇರೆ ಮಾರ್ಗದ ಬಸ್ಸುಗಳು ಬರುವುದಾದರೆ, ತನ್ನ ಬಸ್ಸು ಯಾವುದೆಂದು ಅಂಧ ಪ್ರಯಾಣಿಕನಿಗೆ ತಿಳಿಯುವ ದಾರಿಯನ್ನು ಸಾರಿಗೆ ಸಂಸ್ಥೆಯೇ ಮಾಡಿಕೊಡಬೇಕು. ಯಂತ್ರವೇ ಆಗಬೇಕೆಂದಿಲ್ಲ, ಡ್ರೈವರ್ ಬಾಯಲ್ಲಿ ಕೂಗಿದರೂ ನಡೆಯುತ್ತದೆ. ಹೊಣೆ ಯಾರದ್ದು ಎಂಬುದರಲ್ಲಿ ಮಾತ್ರ ಗೊಂದಲವಿಲ್ಲ.

ಚೆನ್ನಾಗಿ ಮಾಡಿದರೆ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. 2014ರಿಂದ ಯಶವಂತಪುರದಲ್ಲಿ ಮೆಟ್ರೋ ಇದೆ. ಪ್ಲಾಟ್‌ಫಾರ್ಮಿನ ಉಬ್ಬು ಟೈಲ್ಸ್ ಪಾದಕ್ಕೆ ಸಿಗುತ್ತವೆ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ರೈಲು ಹೇಳುತ್ತದೆ. ಆ ಕನ್ನಡ ದನಿ ನಿರೂಪಕಿ ಅಪರ್ಣಾ ಅವರದು. 2024ರ ಜುಲೈನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮಂಥವರು ದಾರಿ ತೋರಿಸುವವರೊಬ್ಬರನ್ನು ಕಳೆದುಕೊಂಡ ಹಾಗೆ ಅತ್ತೆವು. ಬಸ್ಸಿಗೂ ಅಂಥ ಒಂದು ಸ್ಪಷ್ಟ ಕನ್ನಡ ದನಿ ಬೇಕು. ಎಂ.ಎಸ್. ಪಾಳ್ಯ, ಜಕ್ಕೂರು, ಗಂಗೇನಹಳ್ಳಿ ಎಂಬ ಹೆಸರುಗಳನ್ನು ಇಂಗ್ಲಿಷ್ ನಾಲಿಗೆಯಲ್ಲಿ ಹೊರಳಿಸಿ ಹೇಳುವ ಯಂತ್ರ ಬೇಡ. ಕನ್ನಡ ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ಮೇಲೆ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎ.ಜಿ. ರಾಮಕೃಷ್ಣನ್ ವರ್ಷಗಟ್ಟಲೆ ದುಡಿದಿದ್ದಾರೆ. ಆ ಕ್ಯಾಂಪಸ್ಸು ಯಶವಂತಪುರಕ್ಕೆ ಕೂಗಳತೆಯಲ್ಲಿದೆ.

ಬೋರ್ಡ್ ತೆಗೆದು ದನಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಕಿವಿ ಕೇಳದವರಿಗೆ ಬೋರ್ಡೇ ಬೇಕು, ಒಳಗೂ ಬೇಕು. ಗಾಲಿಕುರ್ಚಿಯವರ ಗೋಳು ಬೇರೆಯೇ ಇದೆ, ಅದನ್ನು ಅವರೇ ಬರೆದರೆ ಚೆಂದ.

ಕಾನೂನು ನಿಮಗೆ ಗೊತ್ತೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಕಲಂ ಸಾರಿಗೆಯ ಬಗ್ಗೆಯೇ ಇದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಕಲಚೇತನರಿಗೆ ಸೌಲಭ್ಯಗಳು ಎಟುಕುವಂತಿರಬೇಕು ಎಂಬ ಮಾನದಂಡಗಳನ್ನು ಬರೀ ಸಲಹೆಯಾಗಿ ಇಡುವಂತಿಲ್ಲ, ಕಡ್ಡಾಯ ಮಾಡಿ ಎಂದಿತು. ದೇಶಾದ್ಯಂತ ಆಗುವಾಗ ಆಗಲಿ, ನೀವು ಕಾಯಬೇಕಿಲ್ಲ.

ಸ್ಪೀಕರ್ ಹಾಕಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ ಎಂಬುದೂ ಗೊತ್ತು. ಇಡೀ ಪಾಳಿ ಅದೇ ದನಿಯನ್ನು ಕೇಳಬೇಕಾದ ಡ್ರೈವರ್ ಅದರ ಕಿವಿ ಹಿಂಡಿ ಸುಮ್ಮನಾಗಿಸುತ್ತಾರೆ, ಅದು ಮನುಷ್ಯ ಸಹಜ. ಹಾಗಾಗಿ ಹೊರಗಿನ ದನಿ ಹೊರಗಷ್ಟೇ ಕೇಳಲಿ, ಅದರ ಸ್ವಿಚ್ ಡ್ರೈವರ್ ಕೈಗೆ ಸಿಗದಿರಲಿ. ಬೆಳಿಗ್ಗೆ ಡಿಪೋದಲ್ಲಿ ಬ್ರೇಕ್, ಹೆಡ್‌ಲೈಟ್, ವೈಪರ್ ನೋಡುವಾಗ ಅದನ್ನೂ ನೋಡಲಿ. ಎಲೆಕ್ಟ್ರಿಕ್ ಬಸ್ಸುಗಳನ್ನು ಖಾಸಗಿ ಕಂಪನಿಗಳು ಕಿಲೋಮೀಟರ್ ಲೆಕ್ಕದ ಗುತ್ತಿಗೆಯಲ್ಲಿ ಓಡಿಸುತ್ತಿವೆ. ಮುಂದಿನ ಟೆಂಡರಿನ ದಂಡದ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ಬಾಗಿಲಿನ ಸ್ಪೀಕರ್ ಕೆಟ್ಟ ಬಸ್ಸು ಓಡಿದ ಕಿಲೋಮೀಟರಿಗೆ ದುಡ್ಡಿಲ್ಲ. ಬಸ್ಸು ಮರುದಿನದಿಂದಲೇ ಮಾತಾಡುತ್ತದೆ.

ಇತಿ,
ಯಲಹಂಕ ಉಪನಗರದ ಒಬ್ಬ ಪ್ರಯಾಣಿಕ