‘ಉಳಿತಾನೇನ್ರಿ?’ ಎಂಬುದು ಅರ್ಧ ಪ್ರಶ್ನೆ

ಬಸವನ ಬಾಗೇವಾಡಿ ಸುತ್ತಲಿನ ಹಳ್ಳಿಗಳಲ್ಲಿ ಬೈಕ್‌ನಿಂದ ಬಿದ್ದು ತಲೆಗೆ ಜೋರು ಪೆಟ್ಟಾದರೆ ಗಾಯಾಳುವನ್ನು ವಿಜಯಪುರಕ್ಕೆ ಒಯ್ಯುತ್ತಾರೆ. ಸ್ಕ್ಯಾನಿಂಗ್ ಮುಗಿಸಿ ಹೊರಬರುವ ನರಶಸ್ತ್ರಚಿಕಿತ್ಸಕರಿಗೆ ಮನೆಯವರು ಕೈಮುಗಿದು ಕೇಳುವುದು ಒಂದೇ ಮಾತು: ‘ಸಾಹೇಬ್ರ, ಹುಡುಗ ಉಳಿತಾನೇನ್ರಿ?’

ಹೆತ್ತವರು ಹಾಗೆ ಕೇಳುವುದು ಸಹಜ. ಆದರೆ ಮಿದುಳಿನ ವಿಷಯದಲ್ಲಿ ಅದು ಅರ್ಧ ಪ್ರಶ್ನೆ. ಉಳಿದರೆ ಹೇಗೆ ಉಳಿಯುತ್ತಾನೆ ಎಂಬುದು ಇನ್ನರ್ಧ. ಅದನ್ನು ನಾವು ಕೇಳುವುದಿಲ್ಲ. ಹಾಗಾಗಿ ಅದರ ಭಾರವನ್ನು ವೈದ್ಯರೊಬ್ಬರೇ ಹೊರಬೇಕಾಗುತ್ತದೆ.

ತಲೆಬುರುಡೆ ಗಟ್ಟಿ ಡಬ್ಬಿಯಿದ್ದಂತೆ. ಒಳಗೆ ಮಿದುಳು ಊದಿಕೊಂಡರೆ ಒತ್ತಡ ಏರಿ ರಕ್ತಸಂಚಾರ ಕುಗ್ಗುತ್ತದೆ. ಔಷಧಕ್ಕೆ ಬಗ್ಗದಿದ್ದರೆ ಬುರುಡೆಯ ಒಂದು ಭಾಗವನ್ನೇ ತೆಗೆದು ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಇದೆ. ಎಂಜಿನಿಯರಿಂಗ್ ಓದುವ ನನಗೆ ಇದು ಸರಳವಾಗಿ ಕಂಡಿತ್ತು. ಒತ್ತಡ ಹೆಚ್ಚಾದರೆ ವಾಲ್ವ್ ತೆರೆಯಬೇಕು, ಅಷ್ಟೇ. 2016ರಲ್ಲಿ ಪ್ರಕಟವಾದ, 408 ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನ ಬೇರೆಯೇ ಹೇಳುತ್ತದೆ. ಆರು ತಿಂಗಳಲ್ಲಿ ಔಷಧೋಪಚಾರದ ಗುಂಪಿನಲ್ಲಿ ಶೇ 48.9ರಷ್ಟು ಮಂದಿ ಸತ್ತಿದ್ದರು, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 26.9. ಆದರೆ ಅರಿವಿಲ್ಲದೆ ಹಾಸಿಗೆ ಹಿಡಿದವರು ಮೊದಲ ಗುಂಪಿನಲ್ಲಿ ಶೇ 2.1 ಇದ್ದರೆ, ಎರಡನೆಯದರಲ್ಲಿ ಶೇ 8.5. ಉಳಿದ ಜೀವಗಳಲ್ಲಿ ಯಾವುದು ಎದ್ದು ನಡೆಯುತ್ತದೆ, ಯಾವುದು ತಾಯಿಯ ಗುರುತನ್ನೂ ಹಿಡಿಯುವುದಿಲ್ಲ ಎಂದು ಕತ್ತರಿ ಹಿಡಿಯುವ ಮೊದಲೇ ಖಚಿತವಾಗಿ ಹೇಳಲಾಗದು. ಆದರೂ ಕೆಲವೇ ತಾಸಿನಲ್ಲಿ ನಿರ್ಧಾರ ಆಗಲೇಬೇಕು.

ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಸೋಲುತ್ತದೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದರೂ ಮಿದುಳು ನಿಷ್ಕ್ರಿಯವಾಯಿತು. ಕುಟುಂಬದವರು ಅಂಗಾಂಗ ದಾನ ಮಾಡಿದರು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಮಿದುಳಿನ ಸಾವನ್ನು ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಎದೆ ಇನ್ನೂ ಬಡಿಯುತ್ತಿರುವ, ಮೈ ಬೆಚ್ಚಗಿರುವ ಮಗನನ್ನು ‘ತೀರಿಕೊಂಡಿದ್ದಾನೆ’ ಎಂದು ತಂದೆಗೆ ಹೇಗೆ ಹೇಳಬೇಕು? ಅದಕ್ಕೆ ಯಾವ ಕಾಯ್ದೆಯಲ್ಲೂ ಕಲಂ ಇಲ್ಲ.

‘ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ, ಸಹಿ ಮಾಡಿಸಿಕೊಂಡರೆ ಸಾಕು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಳೆ ಬರುವುದೋ ಇಲ್ಲವೋ ಗೊತ್ತಿಲ್ಲದೆ ತೊಗರಿ ಬಿತ್ತುವ ರೈತನಿಗೆ ‘ಖಾತ್ರಿ ಇಲ್ಲ’ ಎಂಬ ಮಾತು ಹೊಸದಲ್ಲ. ಕುಳಿತು, ಅವನ ಮಾತಿನಲ್ಲೇ ಹತ್ತು ನಿಮಿಷ ಬಿಡಿಸಿ ಹೇಳಿದರೆ ಅವನಿಗೆ ಅರ್ಥವಾಗುತ್ತದೆ. ವೈದ್ಯರು ಆ ಹತ್ತು ನಿಮಿಷ ಕೊಡಬೇಕು. ನಾವೂ ಕಹಿ ಉತ್ತರ ಕೇಳುವ ಧೈರ್ಯ ತೋರಬೇಕು. ನಿಜ ಹೇಳಿದವರ ಮೇಲೆ ಕೈ ಎತ್ತುವ ಊರಿನಲ್ಲಿ ಯಾರೂ ನಿಜ ಹೇಳಲಾರರು.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ಈ ನಿರ್ಧಾರದ ಮುಂದೆ ಅಪ್ಪ–ಅವ್ವನನ್ನೂ ವೈದ್ಯರನ್ನೂ ನಿಲ್ಲಿಸದಿರಲು ನಾವು ಮಾಡಬಹುದಾದ ಕೆಲಸ ಸಣ್ಣದು. ಹೆಲ್ಮೆಟ್ ಇರಬೇಕಾದದ್ದು ಬೈಕ್‌ನ ಹ್ಯಾಂಡಲ್‌ಗಲ್ಲ, ತಲೆಯ ಮೇಲೆ.